ಹವಾಯಿ ಗಿಟಾರ್ ಮತ್ತು ಮಲುಕು ವಾದಕ: ಕಲೆಯಲ್ಲಿ ಅನುಕರಣದ ವಿಚಾರ

೧

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಕಲಾವಿದರಿಗೆ ಸ್ಥಾನ ಕೊಡುತ್ತಾರೆ. ಒಂದು ಸಂಪ್ರದಾಯವನ್ನು ಅದು ಹುಟ್ಟಿದ ನೆಲದಲ್ಲಿಯೇ ಬೆಳೆಸಿದವರು ಒಂದು ಬಗೆ. ಪರದೇಶದಿಂದ ಬಂದುದನ್ನು ತಮ್ಮ ಸಂಪ್ರದಾಯಕ್ಕೆ ಒಗ್ಗಿಸಿಕೊಂಡವರು ಇನ್ನೊಂದು ಬಗೆ. ಈ ಎರಡಕ್ಕೂ ಸೇರದೆ, ಪರರ ಸಂಗೀತವನ್ನು ಪರರ ಹೆಸರಿನಲ್ಲಿಯೇ, ಅದೂ ಮೂರನೆಯವರ ನಾಡಿನಲ್ಲಿ ನುಡಿಸಿ ಬಾಳಿದ ಕಲಾವಿದರೂ ಉಂಟು. ಅಂಥವರನ್ನು 'ಅನುಕರಣಕಾರರು' ಎಂಬ ಒಂದೇ ಮಾತಿನಿಂದ ಬದಿಗೆ ಸರಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಒಬ್ಬ ವಾದಕನ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆ ವಾದಕನ ಹೆಸರು ಜಾರ್ಜ್ ಡ ಫ್ರೇಟೆಸ್. ಈತ ಹುಟ್ಟಿದುದು ೧೯೨೧ರಲ್ಲಿ, ಆಗ ಡಚ್ಚರ ಅಧೀನದಲ್ಲಿದ್ದ ಜಾವಾ ದ್ವೀಪದ ಬಾಂಡುಂಗ್ ನಗರದಲ್ಲಿ. ಮನೆತನದ ಮೂಲ ಮಲುಕು ದ್ವೀಪಗಳಲ್ಲಿ. ನುಡಿಸಿದುದು ಹವಾಯಿಯ ಸಂಗೀತವನ್ನು. ೧೯೫೮ರಿಂದ ಮುಂದೆ ಹೆಸರು ಪಡೆದುದು ನೆದರ್ಲೆಂಡ್ಸ್ ದೇಶದಲ್ಲಿ. ೧೯೮೧ರಲ್ಲಿ ತೀರಿಕೊಂಡುದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಒಬ್ಬನ ಬಾಳಿನಲ್ಲಿ ಇಷ್ಟು ನಾಡುಗಳು ಕೂಡಿಕೊಂಡಿರುವಾಗ ಅವನ ಸಂಗೀತ ಯಾವ ನಾಡಿನದು ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನು ಕೇಳುವ ಕ್ರಮದಲ್ಲಿಯೇ ಒಂದು ದೋಷವಿದೆಯೆಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇನೆ.

೨

ಮೊದಲು ವಾದ್ಯದ ವಿಚಾರವನ್ನು ಸಂಕ್ಷೇಪವಾಗಿ ನೋಡೋಣ. ಸಾಮಾನ್ಯ ಗಿಟಾರಿನಲ್ಲಿ ಎಡಗೈಯ ಬೆರಳುಗಳು ತಂತಿಯನ್ನು ಮೆಟ್ಟಿಲಿಗೆ ಒತ್ತಿ ಹಿಡಿಯುತ್ತವೆ. ಹವಾಯಿ ಪದ್ಧತಿಯಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಮೆಟ್ಟಿಲಿಗೆ ತಾಗದಷ್ಟು ಎತ್ತರಿಸಿ, ಉಕ್ಕಿನ ತುಂಡೊಂದನ್ನು ಅವುಗಳ ಮೇಲೆ ಹಗುರವಾಗಿ ಜಾರಿಸುತ್ತಾರೆ. ಇದರಿಂದ ಸ್ವರಸ್ವರಗಳ ನಡುವಣ ಗೋಡೆ ಬಿದ್ದುಹೋಗುತ್ತದೆ. ನಾದ ಒಂದು ಸ್ಥಾನದಿಂದ ಇನ್ನೊಂದಕ್ಕೆ ಹರಿದು ಹೋಗುತ್ತದೆ. ನಮ್ಮ ಗೋಟುವಾದ್ಯದಲ್ಲಿ ಮರದ ಗೋಟಿನಿಂದ ನಡೆಯುವ ಕ್ರಿಯೆಯನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು. ಗೋಟುವಾದ್ಯದ ಜಾರು ರಾಗದ ಗಮಕಕ್ಕೆ ಅಧೀನವಾದುದು. ಹವಾಯಿ ಗಿಟಾರಿನಲ್ಲಿ ಒಂದು ತಂತಿಯಲ್ಲ, ಎರಡು ಮೂರು ತಂತಿಗಳು ಒಟ್ಟಿಗೆ ಜಾರುತ್ತವೆ, ಸ್ವರಮೇಳವೇ ಇಡಿಯಾಗಿ ಚಲಿಸುತ್ತದೆ. ಉಕ್ಕನ್ನು ಓರೆಯಾಗಿ ಹಿಡಿದು ಮೇಳದ ಒಳಗಣ ಅಂತರಗಳನ್ನು ಬದಲಿಸುವುದು, ಅಂಗೈಯ ಅಂಚನ್ನು ತಂತಿಗೆ ಸೋಕಿಸಿ ಗಂಟೆಯಂತಹ ಮೇಲ್ಧ್ವನಿಯನ್ನು ಎಬ್ಬಿಸುವುದು, ಇವು ಈ ವಾದ್ಯದ ಕಠಿನ ಸಾಧನೆಗಳು.

ಈ ಕ್ರಮವನ್ನು ರೂಪಿಸಿದ ಕೀರ್ತಿ ಓಆಹು ದ್ವೀಪದ ಜೋಸೆಫ್ ಕೆಕುಕುವಿಗೆ ಸಲ್ಲುತ್ತದೆ. ೧೮೭೪ರಲ್ಲಿ ಹುಟ್ಟಿದ ಈತ ಹೊನೊಲುಲುವಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ೧೮೮೯ರ ಸುಮಾರಿಗೆ, ಈ ಪ್ರಯೋಗವನ್ನು ಆರಂಭಿಸಿದನೆಂದು ಪ್ರತೀತಿ. ಆ ವಾದ್ಯ ಲೋಕದಲ್ಲಿ ಹರಡಿದ ಕಾಲವನ್ನು ಗಮನಿಸಬೇಕು. ೧೮೯೩ರಲ್ಲಿ ಹವಾಯಿಯ ರಾಣಿ ಲಿಲಿಯುಓಕಲಾನಿ ಪದಚ್ಯುತಳಾದಳು. ೧೮೯೮ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನದಾಗಿ ಮಾಡಿಕೊಂಡಿತು. ೧೯೧೨ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ 'ಬರ್ಡ್ ಆಫ್ ಪ್ಯಾರಡೈಸ್' ಎಂಬ ನಾಟಕವೂ, ೧೯೧೫ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾಪ್ರದರ್ಶನವೂ ಹವಾಯಿ ಸಂಗೀತದ ಹುಚ್ಚನ್ನು ಎಬ್ಬಿಸಿದುವು. ಅದೇ ನಾಟಕದೊಡನೆ ಕೆಕುಕು ೧೯೧೯ರಲ್ಲಿ ಯೂರೋಪಿಗೆ ಹೋಗಿ ಹಲವು ವರ್ಷ ಸಂಚರಿಸಿದನು. ನಾಡು ಕೈಬಿಟ್ಟ ಮೇಲೆಯೇ ನಾಡಿನ ನಾದ ಲೋಕಪ್ರಿಯವಾಯಿತು. ಈ ಸಂಗತಿಯ ಹೋಲಿಕೆ ಮಲುಕು ಜನರ ಕತೆಯಲ್ಲಿ ಮತ್ತೆ ಎದುರಾಗುತ್ತದೆ.

೩

ಹವಾಯಿಯ ನಾದ ಇಂಡೊನೇಷ್ಯದ ದ್ವೀಪಗಳಲ್ಲಿ ಇಷ್ಟು ಬೇಗನೆ ಬೇರುಬಿಡಲು ಕಾರಣವೇನು? ಧ್ವನಿಮುದ್ರಿಕೆಗಳೂ ಸಂಚಾರಿ ತಂಡಗಳೂ ಬಾನುಲಿಯೂ ಕಾರಣವೆಂದರೆ ಅದು ಅರ್ಧ ಉತ್ತರ. ಅವೇ ಸಾಧನಗಳಿಂದ ಬೇರೆ ಎಷ್ಟೋ ಸಂಗೀತಗಳು ಅಲ್ಲಿಗೆ ಬಂದವು. ಅವೆಲ್ಲ ಹೀಗೆ ನೆಲೆನಿಲ್ಲಲಿಲ್ಲ. ಬಿತ್ತು ಮೊಳೆಯಬೇಕಾದರೆ ನೆಲವೂ ಹದವಾಗಿರಬೇಕು.

ಆ ಹದವನ್ನು ಎರಡು ಸಂಗತಿಗಳಲ್ಲಿ ಕಾಣಬಹುದು. ಮೊದಲನೆಯದು ಪೋರ್ಚುಗೀಸರ ಕಿರುಗಿಟಾರ್. ೧೫೧೨ರಲ್ಲಿ ಮಲುಕು ದ್ವೀಪಗಳನ್ನು ಮುಟ್ಟಿದ ಪೋರ್ಚುಗೀಸರು ೧೬೦೫ರಲ್ಲಿ ಆಂಬೊನ್‌ನಿಂದ ಡಚ್ಚರಿಗೆ ಸೋತು ಹೊರಟುಹೋದರೂ, ಹೆಸರುಗಳನ್ನೂ ವಾದ್ಯಗಳನ್ನೂ ಬಿಟ್ಟುಹೋದರು. 'ಡ ಫ್ರೇಟೆಸ್' ಎಂಬ ಮನೆತನದ ಹೆಸರೇ ಅದಕ್ಕೆ ಸಾಕ್ಷಿ. ಜಕಾರ್ತದ ಸಮೀಪದ ತುಗು ಎಂಬ ಹಳ್ಳಿಯಲ್ಲಿ ೧೬೬೧ರಲ್ಲಿ ನೆಲಸಿದ, ಪೋರ್ಚುಗೀಸ್ ಆಡುತ್ತಿದ್ದ ವಿಮುಕ್ತ ದಾಸರ ವಂಶದವರು ಕ್ರೊಂಚೊಂಗ್ ಎಂಬ ಗಾನಪ್ರಕಾರವನ್ನು ಉಳಿಸಿಕೊಂಡು ಬಂದರು. ಅದರ ಜೀವಾಳ ಅದೇ ಹೆಸರಿನ ಕಿರುಗಿಟಾರ್. ಇನ್ನು ಹವಾಯಿಯ ಕಡೆ ನೋಡಿದರೆ, ೧೮೭೯ರಲ್ಲಿ 'ರೇವನ್ಸ್‌ಕ್ರ್ಯಾಗ್' ಎಂಬ ಹಡಗು ಪೋರ್ಚುಗೀಸರ ಮಡೈರಾ ದ್ವೀಪದಿಂದ ಸುಮಾರು ೪೦೦ ಕೂಲಿಕಾರರನ್ನು ಹೊನೊಲುಲುವಿಗೆ ತಂದಿತು. ಅವರು ತಂದ ಕಿರುಗಿಟಾರಿನಿಂದಲೇ ಉಕುಲೆಲೆ ಹುಟ್ಟಿತು. ಆದುದರಿಂದ ಕ್ರೊಂಚೊಂಗ್ ವಾದ್ಯವೂ ಉಕುಲೆಲೆಯೂ ಎರಡು ಸಮುದ್ರಗಳಲ್ಲಿ, ಎರಡು ಶತಮಾನಗಳ ಅಂತರದಲ್ಲಿ ಬೆಳೆದ ಒಂದೇ ಕುಲದ ಮಕ್ಕಳು.

ಎರಡನೆಯದು ಕ್ರೈಸ್ತ ದೇವಾಲಯದ ಸಮೂಹಗಾನ. ಹವಾಯಿಗೆ ೧೮೨೦ರಲ್ಲಿ ಬಂದ ಅಮೆರಿಕದ ಪಾದ್ರಿಗಳು ಕಲಿಸಿದ ಸ್ತೋತ್ರಗಳಿಂದ ಅಲ್ಲಿನ ಹಾಡುಗಳಿಗೆ ಬಹುಕಂಠದ ಮೇಳ ಒದಗಿತು. ಆಂಬೊನ್‌ನ ಕ್ರೈಸ್ತರೂ ಡಚ್ಚರ ದೇವಾಲಯಗಳಲ್ಲಿ ತಲೆಮಾರುಗಳಿಂದ ಅಂಥದೇ ಗಾನವನ್ನು ಹಾಡುತ್ತ ಬಂದಿದ್ದರು. ಹೀಗೆ ಎರಡು ದ್ವೀಪಜನಗಳೂ ಕಿರುಗಿಟಾರನ್ನೂ ಮೇಳಗಾನವನ್ನೂ ಬೇರೆಬೇರೆ ದಾರಿಗಳಿಂದ ಪಡೆದಿದ್ದವು. ಹವಾಯಿಯ ಗಿಟಾರ್ ಆಂಬೊನ್ನಿನ ಕಿವಿಗೆ ಬಿದ್ದಾಗ ಅದು ಅಪರಿಚಿತನ ದನಿಯಾಗಿರಲಿಲ್ಲ. ಬಹುಕಾಲದ ಮೇಲೆ ಸಿಕ್ಕ ದಾಯಾದಿಯ ದನಿಯಾಗಿತ್ತು. ಇದನ್ನು ಕೇವಲ ಅನುಕರಣವೆಂದು ಕರೆಯುವವರು ಈ ಪೂರ್ವಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದೇ ಹೇಳಬೇಕಾಗುತ್ತದೆ.

೪

ಡ ಫ್ರೇಟೆಸ್‌ನಿಗೆ ಆದರ್ಶವಾಗಿದ್ದವನು ಸಾಲ್ ಹೋಓಪಿ. ಹೊನೊಲುಲುವಿನಲ್ಲಿ ೧೯೦೨ರಲ್ಲಿ ಹುಟ್ಟಿದ ಈ ವಾದಕ ಲಾಸ್ ಏಂಜಲೀಸ್‌ನಲ್ಲಿ ನೆಲಸಿ, ಹವಾಯಿಯ ರಾಗಗಳೊಡನೆ ಅಮೆರಿಕದ ನೀಗ್ರೋ ಜನರ ಜಾಜ್ ಸಂಗೀತದ ಲಯಚಾತುರ್ಯವನ್ನು ಬೆಸೆದವನು. ಅಂದಮೇಲೆ ಡ ಫ್ರೇಟೆಸ್ ಮಾದರಿಯಾಗಿ ತೆಗೆದುಕೊಂಡ 'ಮೂಲ'ವೇ ಮಿಶ್ರವಾದುದು. ಶುದ್ಧ ಹವಾಯಿ ಎಂಬ ಅಳತೆಗೋಲಿನಿಂದ ಶಿಷ್ಯನನ್ನು ಅಳೆಯಹೊರಟರೆ ಗುರುವೂ ಅದರಲ್ಲಿ ಸಿಕ್ಕಿಬೀಳುತ್ತಾನೆ.

ಯುದ್ಧಕ್ಕೆ ಮುಂಚೆಯೇ ಡ ಫ್ರೇಟೆಸ್ ಜಾವಾದಲ್ಲಿ 'ರಾಯಲ್ ಹವಾಯಿಯನ್ ಮಿನ್‌ಸ್ಟ್ರೆಲ್ಸ್' ಎಂಬ ತಂಡವನ್ನು ಕಟ್ಟಿದನು. ೧೯೪೨ರಲ್ಲಿ ಜಪಾನೀಯರು ಆ ದ್ವೀಪಗಳನ್ನು ಆಕ್ರಮಿಸಿದರು. ಶತ್ರುದೇಶದ ಭಾಷೆಯ ಹೆಸರಿಗೆ ಆಗ ಅವಕಾಶವಿರಲಿಲ್ಲ. ತಂಡ 'ಸುವಾರ ಇಸ್ತಾನ', ಎಂದರೆ 'ಅರಮನೆಯ ದನಿ', ಎಂಬ ಮಲಯ ಹೆಸರನ್ನು ತಾಳಿತು. ಈ ಮಾರ್ಪಾಟು ಸಣ್ಣದಾಗಿ ಕಂಡರೂ ವಿಮರ್ಶಕನಿಗೆ ಬೆಲೆಯುಳ್ಳದ್ದು. ಹೆಸರು ಆಳುವವರ ಅಪೇಕ್ಷೆಗೆ ತಕ್ಕಂತೆ ಬದಲಾಯಿತು. ಉಕ್ಕು ಜಾರುವ ಕೈ ಅದೇ ಆಗಿತ್ತು. 'ಹವಾಯಿ' ಎಂಬುದು ಈ ಕಲಾವಿದರಿಗೆ ಎಷ್ಟರಮಟ್ಟಿಗೆ ಸಂಗೀತದ ಲಕ್ಷಣ, ಎಷ್ಟರಮಟ್ಟಿಗೆ ಫಲಕದ ಮೇಲಣ ಬರೆಹ ಎಂಬುದನ್ನು ಈ ಘಟನೆ ಬಿಡಿಸಿ ತೋರಿಸುತ್ತದೆ.

ಯುದ್ಧಾನಂತರದ ವರ್ಷಗಳು ಮಲುಕು ಜನರಿಗೆ ಸಂಕಟದವು. ಡಚ್ಚರ ವಸಾಹತು ಸೈನ್ಯದಲ್ಲಿ ದುಡಿದಿದ್ದ ಮಲುಕು ಸೈನಿಕರು ಹೊಸ ಗಣರಾಜ್ಯಕ್ಕೂ ಬೇಡವಾದರು, ಹಳೆಯ ಒಡೆಯರಿಗೂ ಹೊರೆಯಾದರು. ೧೯೫೦ರ ಏಪ್ರಿಲಿನಲ್ಲಿ ಆಂಬೊನ್‌ನಲ್ಲಿ ದಕ್ಷಿಣ ಮಲುಕು ಗಣರಾಜ್ಯವನ್ನು ಘೋಷಿಸಿದ ಪ್ರಯತ್ನ ಸೋತಿತು. ೧೯೫೧ರಲ್ಲಿ ಸೈನಿಕರೂ ಅವರ ಸಂಸಾರಗಳೂ ಸೇರಿ ಸುಮಾರು ೧೨,೫೦೦ ಜನ ನೆದರ್ಲೆಂಡ್ಸ್‌ಗೆ ಸಾಗಿಸಲ್ಪಟ್ಟರು. ಕೆಲವು ತಿಂಗಳ ವಾಸವೆಂದು ನಂಬಿ ಹೋದವರು ಹಡಗಿನಿಂದ ಇಳಿಯುತ್ತಲೇ ಸೈನ್ಯದಿಂದ ವಜಾ ಆದರು. ನಾಜಿಗಳ ಕಾಲದಲ್ಲಿ ಬಂದೀಖಾನೆಗಳಾಗಿದ್ದ ವೆಸ್ಟರ್‌ಬೋರ್ಕ್, ಫುಖ್ಟ್ ಮೊದಲಾದ ಶಿಬಿರಗಳಲ್ಲಿ ನೆಲಸಬೇಕಾಯಿತು. ಡ ಫ್ರೇಟೆಸ್ ಬಂದುದು ಅವರೊಡನೆ ಅಲ್ಲ. ನ್ಯೂಗಿನಿಯ ವಿವಾದದಿಂದ ೧೯೫೭ರ ಕೊನೆಯಲ್ಲಿ ಡಚ್ ಪ್ರಜೆಗಳನ್ನು ಇಂಡೊನೇಷ್ಯದಿಂದ ಹೊರಗಟ್ಟತೊಡಗಿದ ಮೇಲೆ ಹರಿದ ಇನ್ನೊಂದು ಪ್ರವಾಹದ ಕಾಲದಲ್ಲಿ, ೧೯೫೮ರಲ್ಲಿ, ಆತ ನೆದರ್ಲೆಂಡ್ಸ್ ತಲಪಿದನು. ದಾರಿ ಬೇರೆಯಾದರೂ ಹಿಂದಿರುಗಲು ಮನೆಯಿಲ್ಲದವರ ಗುಂಪಿಗೆ ಆತನೂ ಸೇರಿದವನಾದನು.

೫

ಅಲ್ಲಿ ಆತನಿಗೆ ಎದುರಾದುದು ಖಾಲಿ ರಂಗಸ್ಥಳವಲ್ಲ. ಯೂರೋಪಿನ ಜನ ಹವಾಯಿಯ ನಾದಕ್ಕೆ ಆಗಲೇ ಒಗ್ಗಿದ್ದರು. ಲಂಡನ್ನಿನಲ್ಲಿ ಫೀಲಿಕ್ಸ್ ಮೆಂಡೆಲ್ಸನ್ನನ 'ಹವಾಯಿಯನ್ ಸೆರಿನೇಡರ್ಸ್' ತಂಡ ಯುದ್ಧಕಾಲದಲ್ಲಿ ಅಪಾರ ಜನಪ್ರಿಯತೆ ಗಳಿಸಿತ್ತು. ರಾಟರ್‌ಡಾಮಿನಲ್ಲಿ ಡಚ್ಚರೇ ೧೯೩೪ರಲ್ಲಿ 'ಕಿಲಿಮ ಹವಾಯಿಯನ್ಸ್' ತಂಡವನ್ನು ಸ್ಥಾಪಿಸಿದ್ದರು. ಅದರ ಉಕ್ಕಿನ ಗಿಟಾರನ್ನು ೧೯೫೦ರ ದಶಕದಲ್ಲಿ ಕೆಲಕಾಲ ನುಡಿಸಿದವನು ರೂಡಿ ವಾಯ್ರಾಟ ಎಂಬ ಮಲುಕು ವಾದಕ. ಈ ತಂಡಕ್ಕೆ ದೊಡ್ಡ ಹೆಸರು ತಂದ ಹಾಡುಗಳಲ್ಲಿ ಒಂದು ಗೋಡೆಗೆ ತಗುಲಿಹಾಕಿದ ಕುದುರೆಯ ಕಡಿವಾಣವನ್ನು ಕುರಿತದ್ದು, ಅಮೆರಿಕದ ದನಗಾಹಿಗಳ ಹಾಡಿನ ಡಚ್ ರೂಪ. ಹವಾಯಿಯ ಹೆಸರಿನಲ್ಲಿ ಡಚ್ಚರ ತಂಡವೊಂದು ದನಗಾಹಿಯ ಹಾಡನ್ನು ಡಚ್ ಭಾಷೆಯಲ್ಲಿ ಹಾಡುತ್ತದೆ! ಯುದ್ಧದಿಂದ ನುಗ್ಗಾದ, ಚಳಿಯ, ಪಡಿತರದ ನಾಡಿನ ಕೇಳುಗರಿಗೆ ಹವಾಯಿ ಒಂದು ಭೂಪ್ರದೇಶವಾಗಿರಲಿಲ್ಲ; ದೂರ ಎಂಬುದರ ಹೆಸರಾಗಿತ್ತು.

ಈ ಮಾತಿಗೆ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಮಲಯ ಜಗತ್ತಿನಲ್ಲಿ 'ತೆರಂಗ್ ಬುಲಾನ್', ಎಂದರೆ 'ಬೆಳುದಿಂಗಳು', ಎಂಬ ಜನಪ್ರಿಯ ಗೀತೆಯೊಂದಿತ್ತು. ಪೆರಾಕ್ ಸಂಸ್ಥಾನದ ರಾಜಗೀತೆಯ ಧಾಟಿಯೂ ಅದೇ. ಆ ಧಾಟಿಯನ್ನು ಮೆಂಡೆಲ್ಸನ್ನನ ತಂಡ ೧೯೪೭ರಲ್ಲಿ 'ಮಮೂಲ ಮೂನ್' ಎಂಬ ಹೆಸರಿನಿಂದ ಹವಾಯಿಯ ಉಡುಪಿನಲ್ಲಿ ಧ್ವನಿಮುದ್ರಿಸಿತು. ೧೯೫೭ರಲ್ಲಿ ಅದೇ ಧಾಟಿ ಸ್ವತಂತ್ರ ಮಲಯ ದೇಶದ ರಾಷ್ಟ್ರಗೀತೆಯಾಯಿತು. ಲಂಡನ್ನಿನ ಕೇಳುಗ ಹವಾಯಿಯೆಂದು ತಿಳಿದು ಕೇಳಿದುದು ಮಲಯ ದ್ವೀಪಗಳ ಹಾಡನ್ನು. ಹೀಗಿರುವಾಗ ಜಾವಾದಲ್ಲಿ ಹುಟ್ಟಿದವನೊಬ್ಬ ಯೂರೋಪಿನಲ್ಲಿ ಹವಾಯಿ ಸಂಗೀತವನ್ನು ನುಡಿಸಿದರೆ ಅನುಕರಿಸುತ್ತಿರುವವರು ಯಾರು, ಯಾರನ್ನು ಎಂಬ ಪ್ರಶ್ನೆಗೆ ಸುಲಭದ ಉತ್ತರ ದೊರೆಯದು.

ತಂಡಗಳ ಹೆಸರುಗಳನ್ನೇ ಒಂದು ಸಾಲಿನಲ್ಲಿಟ್ಟು ನೋಡಬಹುದು. ಡ ಫ್ರೇಟೆಸ್‌ನ 'ರಾಯಲ್ ಹವಾಯಿಯನ್ ಮಿನ್‌ಸ್ಟ್ರೆಲ್ಸ್' ಎಂಬುದರಲ್ಲಿ ಮಲುಕು ಸುಳಿವೇ ಇಲ್ಲ. ವಾಯ್ರಾಟ ನುಡಿಸಿದ 'ಆಂಬೊಯ್ನ ಸೆರಿನೇಡರ್ಸ್' ತಂಡದಲ್ಲಿ ಹವಾಯಿಯ ಸ್ಥಾನಕ್ಕೆ ಆಂಬೊನ್ ಬಂದಿದೆ. ಆತನದೇ 'ಮೆನ ಮೂರಿಯ ಮಿನ್‌ಸ್ಟ್ರೆಲ್ಸ್' ತಂಡದಲ್ಲಿ ಮಲುಕು ಜನರ ಒಗ್ಗಟ್ಟಿನ ಘೋಷವೇ, ಮುಂದಿರುವವರೂ ಹಿಂದಿರುವವರೂ ಒಂದೆಂದು ಸಾರುವ ಮಾತೇ, ಹೆಸರಾಗಿದೆ. ಸೋತ ಗಣರಾಜ್ಯದವರು ಕೂಗಿದ ಘೋಷವೂ ಅದೇ. 'ಮಿನ್‌ಸ್ಟ್ರೆಲ್' ಎಂಬುದಾದರೋ ಅಮೆರಿಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಆಟದ ನೆನಪನ್ನು ಹೊತ್ತ ಪದ. ಪರರ ವೇಷದ ಹೆಸರಿಗೆ ತಮ್ಮವರ ಕೂಗನ್ನು ಜೋಡಿಸಿದ ಈ ಸಮಾಸದಲ್ಲಿ ಆ ಕಲಾವಿದರ ಸ್ಥಿತಿಯೆಲ್ಲ ಅಡಗಿದೆ. ಹವಾಯಿಯ ಹಾಡುಗಳ ನಡುವೆ ಅವರು ಆಂಬೊನ್‌ನ ಹಾಡುಗಳನ್ನೂ ಕ್ರೊಂಚೊಂಗ್ ಗೀತೆಗಳನ್ನೂ ಮುದ್ರಿಸಿದರು. ಡಚ್ ಕೇಳುಗನಿಗೆ ಅವು ಒಂದೇ ದ್ವೀಪಸ್ವರ್ಗದ ಹಾಡುಗಳು. ಊರು ಬಿಟ್ಟು ಬಂದವನಿಗೆ ಅವುಗಳಲ್ಲಿ ಒಂದು ಮಾತ್ರ ಊರಿನದು. ಒಂದೇ ಸಭೆಯಲ್ಲಿ ಇಬ್ಬರು ಕೇಳುಗರಿಗೆ ಎರಡು ಅರ್ಥಗಳನ್ನು ಕೊಡಬಲ್ಲ ಕಲೆಯನ್ನು ಅಗ್ಗದ್ದೆನ್ನಲಾಗದು.

೬

ಅನುಕರಣದ ವಿಚಾರ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ರಸವೆಂದರೆ ಸ್ಥಾಯಿಯ ಅನುಕರಣವೆಂದು ಶಂಕುಕನು ವಾದಿಸಿದನು. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡುವವನಿಗೆ ಆಗುವ ಪ್ರತೀತಿ ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ, ವಿಲಕ್ಷಣವಾದುದು ಎಂಬ ಅವನ ಚಿತ್ರತುರಗನ್ಯಾಯ ಪ್ರಸಿದ್ಧವಾಗಿದೆ. ಭಟ್ಟತೌತನೂ ಅವನ ಶಿಷ್ಯ ಅಭಿನವಗುಪ್ತನೂ ಇದನ್ನು ಒಪ್ಪಲಿಲ್ಲ. ನಟನು ತಾನು ಕಾಣದ ರಾಮನ ಶೋಕವನ್ನು ಅನುಕರಿಸುವುದು ಹೇಗೆ? ಅವನಲ್ಲಿ ಕೆಲಸ ಮಾಡುವುದು ಅವನದೇ ಅನುಭವದ ಸಂಸ್ಕಾರ ಎಂಬುದು ಅವರ ಆಕ್ಷೇಪದ ತಿರುಳು. ಈ ಆಕ್ಷೇಪ ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ತಾನು ಹುಟ್ಟಿ ಬೆಳೆಯದ ಹವಾಯಿಯ ವಿರಹವನ್ನು ಡ ಫ್ರೇಟೆಸ್ ಅನುಕರಿಸಲಾರ. ಅವನ ಕೈಯಲ್ಲಿ ಆ ಜಾರು, ಆ ಕಂಪನ ಪಡೆಯುವ ಭಾವ ಅವನದೇ. ಹವಾಯಿ ವಿಭಾವ, ಸ್ಥಾಯಿ ಬೇರೊಂದು ದ್ವೀಪಕ್ಕೆ ಸೇರಿದ್ದು.

ಭಾರತಕ್ಕೂ ಈ ವಾದ್ಯ ಬಂದ ಕತೆಯನ್ನು ಇದರೊಡನೆ ಹೋಲಿಸಬಹುದು. ಹವಾಯಿಯ ಟೌ ಮೋ ೧೯೪೦ರ ದಶಕದಲ್ಲಿ ತನ್ನ ಸಂಸಾರದೊಡನೆ ಕಲ್ಕತ್ತೆಯಲ್ಲಿ ನೆಲಸಿ ನುಡಿಸಿದನು, ಕಲಿಸಿದನು. ವಂಗದೇಶದಲ್ಲಿ ರವೀಂದ್ರರ ಗೀತೆಗಳು ಹವಾಯಿ ಗಿಟಾರನ್ನು ಏರಿದವು. ಮುಂದೆ ಬ್ರಿಜ್‌ಭೂಷಣ ಕಾಬ್ರಾ ಅವರು ಅದನ್ನು ಹಿಂದೂಸ್ಥಾನೀ ಆಲಾಪಕ್ಕೆ ಅಣಿಗೊಳಿಸಿದರು. ೧೯೬೭ರ 'ಕಾಲ್ ಆಫ್ ದಿ ವ್ಯಾಲಿ' ಮುದ್ರಿಕೆಯಿಂದ ಆ ನಾದ ಮನೆಮನೆಗೆ ತಲಪಿತು. ವಿಶ್ವಮೋಹನ ಭಟ್ಟರ ಮೋಹನವೀಣೆ ಆ ದಾರಿಯ ಮುಂದಿನ ಹೆಜ್ಜೆ. ನಾವು ವಾದ್ಯವನ್ನು ತೆಗೆದುಕೊಂಡೆವು, ಅದರ ಸಂಗೀತವನ್ನು ಬಿಟ್ಟೆವು. ಮಲುಕು ವಾದಕರು ವಾದ್ಯವನ್ನೂ ಸಂಗೀತವನ್ನೂ ಒಟ್ಟಿಗೆ ತೆಗೆದುಕೊಂಡರು. ಮೊದಲನೆಯದನ್ನು ಸೃಷ್ಟಿಯೆಂದೂ ಎರಡನೆಯದನ್ನು ಅನುಕರಣವೆಂದೂ ವಿಭಾಗಿಸುವುದು ನಮಗೆ ಸಹಜವಾಗಿ ತೋರುತ್ತದೆ. ಆದರೆ ನಮ್ಮ ಬೆನ್ನಿಗೆ ಘರಾನೆಗಳು, ಸಭೆಗಳು, ಬಾನುಲಿ ನಿಲಯಗಳು ಇದ್ದವು. ತನ್ನ ನೆಲದಲ್ಲಿ ನಿಂತವನಿಗೆ ಬಂದುದನ್ನು ಆರಿಸಿಕೊಳ್ಳುವ ಅನುಕೂಲವಿರುತ್ತದೆ. ನೆಲವೇ ತಪ್ಪಿದವನು ಕೇಳುವವರಿರುವ ಹೆಸರಿನಲ್ಲಿ ನುಡಿಸಬೇಕಾಗುತ್ತದೆ. ಇಬ್ಬರ ಕಲೆಯನ್ನೂ ತೂಗುವಾಗ ಈ ಅಸಮತೆಯನ್ನು ತಕ್ಕಡಿಯಲ್ಲಿಡದಿದ್ದರೆ ತೂಕ ತಪ್ಪುತ್ತದೆ.

೭

ಹೀಗೆಂದು ಈ ವೃತ್ತಿಜೀವನದ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಹೂಮಾಲೆಯ, ಬಣ್ಣದ ಅಂಗಿಯ ವೇಷವನ್ನು ಕೇಳುಗರು ಬಯಸಿದರು; ವೇಷದೊಡನೆ ಹಾಡುಗಳ ಆಯ್ಕೆಯೂ ಬಹುಮಟ್ಟಿಗೆ ನಿಶ್ಚಿತವಾಗಿಹೋಯಿತು. ಮಧುರವಾದುದೆಲ್ಲ ಬೇಕಾಗಿತ್ತು, ಕಟುವಾದುದು ಯಾವುದೂ ಬೇಡವಾಗಿತ್ತು. ಶಿಬಿರಗಳ ಬದುಕು ಈ ಸಂಗೀತದಲ್ಲಿ ನೇರವಾಗಿ ಕೇಳಿಬರುವುದಿಲ್ಲ. ಇನ್ನೊಂದು ದಾರಿಯನ್ನು ಹಿಡಿದವರು ಟೀಲ್ಮನ್ ಸೋದರರು. ತಿಮೋರ್ ಮೂಲದ ತಂದೆಯ ಮಕ್ಕಳಾದ ಇವರು ೧೯೫೭ರಲ್ಲಿ ನೆದರ್ಲೆಂಡ್ಸ್‌ಗೆ ಬಂದು, ೧೯೫೮ರ ಬ್ರಸೆಲ್ಸ್ ವಿಶ್ವಪ್ರದರ್ಶನದ 'ಹವಾಯಿ ಗ್ರಾಮ'ದಲ್ಲಿ ನುಡಿಸುವ ಅವಕಾಶ ಪಡೆದರು; ಆ ಬಾಗಿಲಿನಿಂದ ಒಳಹೊಕ್ಕು ಅವರು ಕೇಳಿಸಿದುದು ಅಬ್ಬರದ ರಾಕ್ ಸಂಗೀತವನ್ನು. ಹವಾಯಿಯ ಹೆಸರು ಅವರಿಗೆ ಮೆಟ್ಟಿಲಾಯಿತು. ಡ ಫ್ರೇಟೆಸ್‌ನಿಗೆ ಮನೆಯಾಗಿಯೇ ಉಳಿಯಿತು. ಹೊಸದನ್ನು ತೆರೆದವರು ಅವರೆಂಬುದನ್ನು ಒಪ್ಪಬೇಕು.

ಆದರೆ ಹೊಸದನ್ನು ತೆರೆಯುವುದೊಂದೇ ಕಲಾವಿದನ ಕೆಲಸವಲ್ಲ. ಕೈಗೆ ಬಂದುದನ್ನು ಕಳೆಯದೆ, ಕೆಡಿಸದೆ ದಾಟಿಸುವುದೂ ಒಂದು ಕೆಲಸ. ಹೇಗ್ ನಗರದಲ್ಲಿ ೧೯೫೯ರಿಂದ ನಡೆದುಬಂದ 'ಪಾಸಾರ್ ಮಾಲಂ' ಎಂಬ ರಾತ್ರಿಸಂತೆಯ ಉತ್ಸವದಲ್ಲಿ ದ್ವೀಪಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಕ್ರೊಂಚೊಂಗನ್ನೂ ಹವಾಯಿ ಗಿಟಾರನ್ನೂ ಒಂದೇ ಆಸ್ತಿಯಾಗಿ ಕೇಳಿದರು. ಆಂಬೊನ್‌ನಲ್ಲಿಯೇ ಹವಾಯಿ ಗಿಟಾರ್, ಉಕುಲೆಲೆಗಳ ತಂಡಗಳು ಸ್ಥಳೀಯ ಸಂಗೀತವೆನಿಸಿಕೊಂಡಿವೆ. ಯುನೆಸ್ಕೋ ಸಂಸ್ಥೆ ೨೦೧೯ರಲ್ಲಿ ಆ ಊರನ್ನು ಸಂಗೀತನಗರವೆಂದು ಮನ್ನಿಸಿತು. ಮೂರು ತಲೆಮಾರು ತಮ್ಮದೆಂದು ನುಡಿಸಿದುದನ್ನು ನಾಲ್ಕನೆಯ ತಲೆಮಾರಿನ ವಿಮರ್ಶಕ ಪರರದೆಂದು ಕರೆಯುವುದಕ್ಕೆ ಯಾವ ಅಧಿಕಾರವಿದೆ?

ಡ ಫ್ರೇಟೆಸ್ ಕೊನೆಗೆ ಸೇರಿದ ಲಾಸ್ ಏಂಜಲೀಸ್ ಅವನ ಆದರ್ಶಪುರುಷ ಹೋಓಪಿ ಹೆಸರು ಮಾಡಿದ ಊರು. ಹೋಓಪಿ ೧೯೫೩ರಲ್ಲಿಯೇ ತೀರಿಕೊಂಡಿದ್ದನು. ಬಾಂಡುಂಗಿನ ಹುಡುಗ ಧ್ವನಿಮುದ್ರಿಕೆಯಿಂದ ಕಲಿತ ನಾದವನ್ನು ಅರ್ಧ ಭೂಮಿಯ ಸುತ್ತ ಹೊತ್ತು, ಅದು ಮುದ್ರಿತವಾದ ಊರಿಗೇ ಮರಳಿ ತಂದನು. ದಾರಿಯಲ್ಲಿ ಆ ನಾದಕ್ಕೆ ಏನು ಸೇರಿತೆಂಬುದನ್ನು ತಿಳಿಯಬೇಕಾದರೆ ಮುದ್ರಿಕೆಯ ಹೊದಿಕೆಯ ಮೇಲಣ ಹೆಸರನ್ನು ಒಮ್ಮೆ ಮರೆತು, ಕೈಯ ಕೆಲಸಕ್ಕೆ ಕಿವಿಗೊಡಬೇಕು.